ಖಿನ್ನತೆಯ ಜೊತೆ ಹೊಸ ಕೆಲಸಕ್ಕೆ ಸೇರುವವರಿಗೆ: ಮೊದಲ ಮೂರು ತಿಂಗಳ ಮಾರ್ಗದರ್ಶಿ

ಹೊಸ ಕೆಲಸ ಸಿಕ್ಕಿತು ಅಂದರೆ ಸುತ್ತಲಿನವರಿಗೆಲ್ಲ ಖುಷಿ. ಖಿನ್ನತೆ ಇರುವವರಿಗೂ ಖುಷಿಯೇ. ಆದರೆ ಅದರ ಬೆನ್ನಿಗೇ ಭಯವೂ ಬರುತ್ತದೆ. ಹಾಸಿಗೆಯಿಂದ ಏಳೋಕೂ ಆಗದ ದಿನ ಬಂದರೆ? ಹೇಳಿಕೊಟ್ಟದ್ದು ತಲೆಗೆ ಹೋಗದಿದ್ದರೆ? ಆಫೀಸಿನಲ್ಲಿ ಗೊತ್ತಾಗಿಬಿಟ್ಟರೆ? ಇದು ಸುಮ್ನೆ ಹುಟ್ಟಿದ ಭಯವಲ್ಲ. ಗಮನ ನಿಲ್ಲದಿರುವುದು, ಮರೆವು, ಸಣ್ಣ ನಿರ್ಧಾರಕ್ಕೂ ತಡವರಿಸುವುದು, ಮೈಭಾರ, ಇವೆಲ್ಲ ಈ ಕಾಯಿಲೆಯ ಲಕ್ಷಣಗಳೇ. ಹೊಸ ಜಾಗದಲ್ಲಿ ಮೊದಲ ದಿನದಿಂದಲೇ ಬೇಕಾಗುವುದು ಗಮನ, ನೆನಪು, ಚುರುಕು. ಇಲ್ಲದ ಹೊತ್ತಲ್ಲೇ ಸಾಲ ಕೇಳಿದ ಹಾಗೆ.

ಹಾಗಂತ ಕೆಲಸ ಮಾಡಲೇಬಾರದು ಅಂತಲ್ಲ. ದಿನಕ್ಕೊಂದು ಚೌಕಟ್ಟು, ಜನರ ಒಡನಾಟ, ಕೈಯಲ್ಲಿ ಸಂಬಳ, ಇವು ಎಷ್ಟೋ ಜನರ ಚೇತರಿಕೆಗೆ ನೆರವಾಗುತ್ತವೆ. ಕೆಲಸಕ್ಕೆ ಹೇಗೆ ಕಾಲಿಡುತ್ತೀರಿ ಅನ್ನುವುದು ಮುಖ್ಯ. ಈ ಬರಹದಲ್ಲಿರುವ ಸಲಹೆಗಳೆಲ್ಲ ಒಂದೇ ಲೆಕ್ಕದ ಮೇಲೆ ನಿಂತಿವೆ: ನಿಮ್ಮ ಒಳ್ಳೆಯ ದಿನದ ಶಕ್ತಿಯನ್ನು ನೋಡಿ ಯಾರಿಗೂ ಮಾತು ಕೊಡಬೇಡಿ. ಸಾಧಾರಣ ಮಟ್ಟಿಗೆ ಕೆಟ್ಟ ದಿನದಲ್ಲೂ ನಡೆಸಿಕೊಂಡು ಹೋಗಬಹುದಾದಷ್ಟನ್ನೇ ಒಪ್ಪಿಕೊಳ್ಳಿ.

ಆಫರ್ ಒಪ್ಪುವ ಮೊದಲು

ಸಂಬಳ, ಹುದ್ದೆ ಎರಡನ್ನೇ ನೋಡಿ ಹೂಂ ಅನ್ನಬೇಡಿ. ಕೆಲಸ ಎಷ್ಟು ಹೊತ್ತಿಗೆ ಶುರು, ಎಷ್ಟಕ್ಕೆ ಮುಗಿಯುತ್ತದೆ, ಶಿಫ್ಟ್ ಬದಲಾಗುತ್ತದಾ, ಪ್ರೊಬೇಷನ್ ಎಷ್ಟು ತಿಂಗಳು, ಆ ಅವಧಿಯಲ್ಲಿ ರಜೆ ಹೇಗೆ, ಮನೆಯಿಂದ ಕೆಲಸ ಮಾಡುವ ಅವಕಾಶ ಇದೆಯಾ, ಇಷ್ಟನ್ನು ಕೇಳಿ. ಯಾರು ಬೇಕಾದರೂ ಕೇಳುವ ಪ್ರಶ್ನೆಗಳಿವು. ಇದರಿಂದ ನಿಮ್ಮ ಆರೋಗ್ಯದ ಬಗ್ಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಇವುಗಳಲ್ಲಿ ನಾನು ಜಾಸ್ತಿ ತೂಕ ಕೊಡುವುದು ಶಿಫ್ಟಿಗೆ. ಒಂದು ವಾರ ಹಗಲು, ಒಂದು ವಾರ ರಾತ್ರಿ ಅಂತ ಬದಲಾಗುವ ಪಾಳಿಯಲ್ಲಿ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಖಿನ್ನತೆ ಮರಳುವ ಸಾಧ್ಯತೆಯೂ ಹೆಚ್ಚು. ಬೇರೆ ದಾರಿ ಇದ್ದರೆ ಇಂಥ ಪಾಳಿಯನ್ನು ತಪ್ಪಿಸಿಕೊಳ್ಳಿ. ಸಂಬಳ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ.

ಹಿಂದೆ ಕೆಲವು ತಿಂಗಳು ಕೆಲಸವಿಲ್ಲದೆ ಇದ್ದರೆ ಸಂದರ್ಶನದಲ್ಲಿ ಅದರ ಬಗ್ಗೆ ಕೇಳಿಯೇ ಕೇಳುತ್ತಾರೆ. ಉತ್ತರ ಎರಡು ವಾಕ್ಯ ಮೀರಬಾರದು. "ಆರೋಗ್ಯದ ಕಾರಣಕ್ಕೆ ಬಿಡುವು ತಗೊಂಡಿದ್ದೆ. ಈಗ ಕೆಲಸಕ್ಕೆ ಬರಲು ಸಿದ್ಧವಾಗಿದ್ದೇನೆ." ಇಷ್ಟು ಹೇಳಿ ನಿಲ್ಲಿಸಿ. ಮೌನ ಕಾಡುತ್ತದೆ ಅಂತ ಅದನ್ನು ತುಂಬಲು ಹೋಗಬೇಡಿ.

ಸೇರುವ ಮೊದಲೇ ಡಾಕ್ಟರನ್ನು ನೋಡಿ

ಚಿಕಿತ್ಸೆಯಲ್ಲಿದ್ದರೆ ಸೇರುವುದಕ್ಕೆ ಎರಡು-ಮೂರು ವಾರ ಮೊದಲೇ ಒಮ್ಮೆ ಹೋಗಿ ಬನ್ನಿ. ಕೆಲಸದ ಸಮಯ, ಓಡಾಟ, ಡ್ರೈವಿಂಗ್ ಅಥವಾ ಯಂತ್ರದ ಕೆಲಸ ಇದೆಯಾ ಅನ್ನುವುದನ್ನು ಹೇಳಿ. ಕೆಲವು ಮಾತ್ರೆಗಳು ಮಂಪರು ತರಿಸುತ್ತವೆ. ಮಿರ್ಟಜಪೈನ್ ಅಂಥದ್ದು, ಅದನ್ನು ಸಾಮಾನ್ಯವಾಗಿ ರಾತ್ರಿಯೇ ಕೊಡುತ್ತಾರೆ. ಫ್ಲೂಆಕ್ಸೆಟಿನ್ ಕೆಲವರ ನಿದ್ದೆ ಕೆಡಿಸುತ್ತದೆ, ಹಾಗಾಗಿ ಅದು ಹೆಚ್ಚಾಗಿ ಬೆಳಗಿನ ಮಾತ್ರೆ. ಹೊಸ ದಿನಚರಿಗೆ ನಿಮ್ಮ ಮಾತ್ರೆಯ ಹೊತ್ತು ಹೊಂದುತ್ತದಾ ಅಂತ ಕೇಳಿ. ಹೊತ್ತನ್ನು ನೀವಾಗೇ ಬದಲಿಸಬೇಡಿ.

ಹೊಸ ಮಾತ್ರೆ ಶುರುವಾಗಿದ್ದರೆ ಅಥವಾ ಡೋಸ್ ಬದಲಾಗಿದ್ದರೆ ಕ್ಯಾಲೆಂಡರ್ ನೋಡಿಕೊಳ್ಳಿ. ಖಿನ್ನತೆಯ ಮಾತ್ರೆಗಳು ಮನಸ್ಸನ್ನು ಸ್ವಲ್ಪ ಮೇಲೆತ್ತುವುದಕ್ಕೇ ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಪೂರ್ತಿ ಪರಿಣಾಮಕ್ಕೆ 6ರಿಂದ 8 ವಾರವೂ ಆಗಬಹುದು. ವಾಕರಿಕೆ, ತಲೆನೋವು, ಚಡಪಡಿಕೆಯಂಥ ಅಡ್ಡಪರಿಣಾಮಗಳು ಮಾತ್ರ ಮೊದಲ ಒಂದೆರಡು ವಾರದಲ್ಲೇ ಬರುತ್ತವೆ. ಅಂದರೆ ಕಷ್ಟ ಮೊದಲು, ಲಾಭ ಆಮೇಲೆ. ಆ ವಾರಗಳೂ ಕೆಲಸದ ಮೊದಲ ವಾರಗಳೂ ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳಬಹುದಾ ಅಂತ ಡಾಕ್ಟರ್ ಜೊತೆ ಮಾತಾಡಿ.

"ಕೆಲಸ ಸಿಕ್ತಲ್ಲ, ಇನ್ನು ಮಾತ್ರೆ ಯಾಕೆ" ಅನ್ನುವವರು ಸುತ್ತಲೂ ಇರುತ್ತಾರೆ. ಕೆಲವೊಮ್ಮೆ ಅದನ್ನು ಹೇಳುವುದು ನಮ್ಮದೇ ಮನಸ್ಸು. ದಿಢೀರ್ ಅಂತ ಮಾತ್ರೆ ನಿಲ್ಲಿಸಿದರೆ ತಲೆಸುತ್ತು, ಸಿಡಿಮಿಡಿ, ನಿದ್ದೆಗೇಡು, ತಲೆಯೊಳಗೆ ಶಾಕ್ ಹೊಡೆದಂಥ ಅನುಭವ ಆಗಬಹುದು. ನಿಲ್ಲಿಸುವುದಿದ್ದರೆ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಹೊಸ ಕೆಲಸದ ಮೊದಲ ತಿಂಗಳಂತೂ ಆ ಪ್ರಯೋಗಕ್ಕೆ ತಕ್ಕ ಕಾಲವಲ್ಲ.

ಭೇಟಿ ಮುಗಿಸಿ ಬರುವಾಗಲೇ ಮುಂದಿನ ಎರಡು ಅಪಾಯಿಂಟ್‌ಮೆಂಟ್ ತಗೊಂಡುಬಿಡಿ. ಬೆಳಗ್ಗೆ ಮೊದಲನೆಯದ್ದು ಅಥವಾ ಸಂಜೆ ಕೊನೆಯದ್ದು ಸಿಕ್ಕರೆ ಒಳ್ಳೆಯದು. ಮಾತ್ರೆಯನ್ನೂ ಒಂದು ತಿಂಗಳಿಗೆ ಸಾಕಾಗುವಷ್ಟು ತಂದಿಟ್ಟುಕೊಳ್ಳಿ. ಕೆಲಸದ ಗಡಿಬಿಡಿಯಲ್ಲಿ ಮೊದಲು ಕೈತಪ್ಪುವುದು ಈ ಎರಡೇ.

ನಿದ್ದೆಯನ್ನು ಮೊದಲೇ ದಾರಿಗೆ ತನ್ನಿ

ಕೆಲಸವಿಲ್ಲದ ದಿನಗಳಲ್ಲಿ ಏಳುವ ಹೊತ್ತು ಜಾರಿ ಜಾರಿ ಮಧ್ಯಾಹ್ನಕ್ಕೆ ಬಂದಿರಬಹುದು. ಅದನ್ನು ಸೇರುವ ಹಿಂದಿನ ರಾತ್ರಿ ಸರಿಮಾಡಲು ಆಗುವುದಿಲ್ಲ. ಎರಡು ವಾರ ಮೊದಲೇ ಶುರುಮಾಡಿ. ಎರಡು-ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಬೇಗ ಎದ್ದರೆ ಸಾಕು. ಬೇಗ ಮಲಗಬೇಕು ಅಂತ ಹಟ ಹಿಡಿಯಬೇಡಿ, ನಿದ್ದೆ ಕರೆದರೆ ಬರುವಂಥದ್ದಲ್ಲ. ಏಳುವ ಹೊತ್ತನ್ನು ಗಟ್ಟಿಮಾಡಿಕೊಳ್ಳಿ, ಮಲಗುವ ಹೊತ್ತು ಅದರ ಹಿಂದೆ ಬರುತ್ತದೆ. ಎದ್ದ ತಕ್ಷಣ ಬಯಲಿನ ಬೆಳಕಿಗೆ ಹೋಗಿ ನಿಲ್ಲಿ. ದೇಹದ ಗಡಿಯಾರ ಹೊಂದಿಕೊಳ್ಳುವುದು ಮುಖ್ಯವಾಗಿ ಬೆಳಕಿನಿಂದ. ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು 5 ಗಂಟೆ ಬೇಕು. ಹಾಗಾಗಿ ಕೊನೆಯ ಕಾಫಿ ಮಧ್ಯಾಹ್ನಕ್ಕೇ ಮುಗಿಯಲಿ.

ಖಿನ್ನತೆ ಇರುವ ಹಲವರಿಗೆ ಬೆಳಗಿನ ಹೊತ್ತೇ ಅತಿ ಭಾರ. ಸಂಜೆಯ ಹೊತ್ತಿಗೆ ಸ್ವಲ್ಪ ಹಗುರ. ನೀವೂ ಹಾಗೇ ಇದ್ದರೆ ಬೆಳಗಿನ ನಿರ್ಧಾರಗಳನ್ನೆಲ್ಲ ರಾತ್ರಿಯೇ ಮಾಡಿಡಿ. ಬಟ್ಟೆ, ಬ್ಯಾಗು, ತಿಂಡಿ, ಗುರುತಿನ ಚೀಟಿ, ಹೋಗುವ ದಾರಿ, ಯಾವುದೂ ಬೆಳಗಿನ ಪಾಲಿಗೆ ಉಳಿಯಬಾರದು.

ಹೇಳಬೇಕಾ, ಬೇಡವಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಒಂದೇ ಉತ್ತರ ಎಲ್ಲರಿಗೂ ಒಪ್ಪುವುದಿಲ್ಲ. ಆದರೆ "ಪ್ರಾಮಾಣಿಕವಾಗಿರಬೇಕು, ಎಲ್ಲ ಹೇಳಿಬಿಡಿ" ಅನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಕಾಯಿಲೆಯ ಹೆಸರನ್ನು ಯಾರಿಗೆ ಹೇಳಬೇಕು ಅನ್ನುವುದು ನಿಮ್ಮ ಹಕ್ಕು. ಸುಮ್ಮನಿದ್ದ ಮಾತ್ರಕ್ಕೆ ಮೋಸ ಮಾಡಿದಂತಾಗುವುದಿಲ್ಲ. ಸುಳ್ಳು ಹೇಳುವುದು ಬೇರೆ ಮಾತು. ಸೇರುವಾಗ ಕೊಡುವ ವೈದ್ಯಕೀಯ ಫಾರ್ಮಿನಲ್ಲಿ ನೇರವಾಗಿ ಕೇಳಿದ್ದರೆ ತಪ್ಪು ಉತ್ತರ ಬರೆಯಬೇಡಿ, ಮುಂದೆ ಅದೇ ಕಾರಣವಾಗಿ ಕೆಲಸ ಹೋಗಬಹುದು. ಈ ಫಾರ್ಮನ್ನು ಯಾರು ಓದುತ್ತಾರೆ, ಮ್ಯಾನೇಜರ್ ಕೈಗೆ ಹೋಗುತ್ತದಾ ಅಂತ ಎಚ್‌ಆರ್ ಅವರನ್ನು ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ತರ. ಅಮೆರಿಕದ 1990ರ ಅಂಗವಿಕಲರ ಕಾಯ್ದೆಯ ವ್ಯಾಪ್ತಿಗೆ ಬರುವ ಸಂಸ್ಥೆಗಳು ಆಫರ್ ಕೊಡುವ ಮೊದಲು ಕಾಯಿಲೆಯ ಬಗ್ಗೆ ಕೇಳುವಂತಿಲ್ಲ. ಬ್ರಿಟನ್ನಿನ 2010ರ ಸಮಾನತೆಯ ಕಾಯ್ದೆಯೂ ಅಂಥ ಪ್ರಶ್ನೆಗಳಿಗೆ ಮಿತಿ ಹಾಕಿದೆ. ಭಾರತದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕು ಅಂತ ಅಲ್ಲಿನ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಕಂಪನಿಯ ವಿಮೆಯ ಪತ್ರ ಕೈಗೆ ಬಂದಾಗ ಆ ಭಾಗ ಹುಡುಕಿ ಓದಿ. ಇಂಥ ಕಾನೂನುಗಳ ರಕ್ಷಣೆ ಸಿಗಬೇಕಾದರೆ ಸಾಮಾನ್ಯವಾಗಿ ಸಂಸ್ಥೆಗೆ ವಿಷಯ ಗೊತ್ತಿರಬೇಕಾಗುತ್ತದೆ. ಸುಮ್ಮನಿರುವುದರ ಇನ್ನೊಂದು ಮುಖ ಇದು.

ಹೇಳುವುದಾದರೆ ಯಾಕೆ ಹೇಳುತ್ತಿದ್ದೀರಿ ಅಂತ ನಿಮಗೆ ಮೊದಲೇ ಸ್ಪಷ್ಟ ಇರಲಿ. ಯಾವುದಾದರೂ ಅನುಕೂಲ ಬೇಕಾಗಿದ್ದರೆ ಹೇಳಿ. ಮನಸ್ಸು ಹಗುರ ಮಾಡಿಕೊಳ್ಳಬೇಕಿದ್ದರೆ ಅದಕ್ಕೆ ಗೆಳೆಯರಿದ್ದಾರೆ, ಕೌನ್ಸೆಲರ್ ಇದ್ದಾರೆ. ಮ್ಯಾನೇಜರ್ ಬಳಿ ಮಾತು ಹೀಗಿರಬಹುದು:

"ಮೇಡಂ, ನನಗೊಂದು ಆರೋಗ್ಯದ ತೊಂದರೆ ಇದೆ, ಚಿಕಿತ್ಸೆ ನಡೀತಿದೆ. ತಿಂಗಳಿಗೊಮ್ಮೆ ಡಾಕ್ಟರ್ ಹತ್ತಿರ ಹೋಗಬೇಕಾಗುತ್ತೆ. ಆ ದಿನ ಒಂದು ಗಂಟೆ ತಡವಾಗಿ ಬಂದು, ಸಂಜೆ ಅಷ್ಟು ಹೊತ್ತು ಜಾಸ್ತಿ ಇರ್ತೀನಿ. ಆಗಬಹುದಾ?"

ಇಲ್ಲಿ ಕಾಯಿಲೆಯ ಹೆಸರಿಲ್ಲ. ಏನು ಬೇಕು ಅನ್ನುವುದು ಮಾತ್ರ ಇದೆ. ಕೇಳುವವರಿಗೂ ಇದೇ ಸುಲಭ, ಯಾಕೆಂದರೆ ಅವರು ಹೂಂ ಅಥವಾ ಉಹೂಂ ಅನ್ನಬಹುದಾದ ಪ್ರಶ್ನೆ ಇದು. ಒಪ್ಪಿದರೆ ಅದನ್ನೇ ಎರಡು ಸಾಲಿನ ಇಮೇಲ್ ಮಾಡಿ ಕಳಿಸಿಡಿ. ಇಷ್ಟೂ ಹೇಳುವ ಅಗತ್ಯ ಬೀಳದಿದ್ದರೆ ಮೊದಲ ಕೆಲವು ವಾರ ಸುಮ್ಮನಿದ್ದು, ಆ ಜಾಗದಲ್ಲಿ ಇಂಥ ವಿಷಯಗಳ ಬಗ್ಗೆ ಜನ ಹೇಗೆ ಮಾತಾಡುತ್ತಾರೆ ಅಂತ ಗಮನಿಸಿ. ಯಾರೋ ರಜೆ ಹಾಕಿದಾಗ ಹಿಂದಿನಿಂದ ಏನಂತಾರೆ ಅನ್ನುವುದು ಒಳ್ಳೆಯ ಸುಳಿವು.

ಮೊದಲ ವಾರ

ಈ ವಾರದಲ್ಲಿ ಎರಡು ತರ ಆಗಬಹುದು. ಒಂದು, ಪೂರ್ತಿ ಸುಸ್ತು. ಇನ್ನೊಂದು, ಹೊಸತನದ ಹುಮ್ಮಸ್ಸು. ನನಗೆ ಎರಡನೆಯದ್ದೇ ಹೆಚ್ಚು ಅಪಾಯದ್ದು ಅನಿಸುತ್ತದೆ. ಆ ಹುಮ್ಮಸ್ಸಲ್ಲಿ "ನಾನು ಮಾಡ್ತೀನಿ ಬಿಡಿ" ಅಂತ ಎಲ್ಲಕ್ಕೂ ಒಪ್ಪಿಕೊಳ್ಳುತ್ತೇವೆ. ರಾತ್ರಿ ಬರುವ ಮೆಸೇಜಿಗೂ ತಕ್ಷಣ ಉತ್ತರ ಕೊಡುತ್ತೇವೆ. ಇವರು ಇಷ್ಟು ಮಾಡುತ್ತಾರೆ ಅಂತ ಎಲ್ಲರ ತಲೆಯಲ್ಲಿ ಕೂತುಬಿಡುತ್ತದೆ. ಹೊಸತನ ಇಳಿದ ಮೇಲೆ ಆ ಮಟ್ಟ ಉಳಿಸಿಕೊಳ್ಳಲು ಆಗುವುದಿಲ್ಲ. ಆಗ ಮಾಮೂಲಿ ಕೆಲಸ ಮಾಡುತ್ತಿದ್ದರೂ ಸೋತಂತೆ ಕಾಣುತ್ತದೆ, ಅವರಿಗೂ ನಿಮಗೂ. ಹಾಗಾಗಿ ಹುಮ್ಮಸ್ಸು ಇದ್ದರೂ ಹೇಳಿದ ಹೊತ್ತಿಗೆ ಎದ್ದು ಹೊರಡಿ. ಯಾವುದಕ್ಕಾದರೂ ಒಪ್ಪುವ ಮೊದಲು "ನೋಡಿ ನಾಳೆ ಹೇಳ್ತೀನಿ" ಅನ್ನುವುದನ್ನು ರೂಢಿ ಮಾಡಿಕೊಳ್ಳಿ.

ಒಂದು ಎಚ್ಚರ: ಮೂರು-ನಾಲ್ಕು ಗಂಟೆ ಮಲಗಿದರೂ ಸಾಕೆನಿಸುತ್ತಿದೆ, ತಲೆಯಲ್ಲಿ ಯೋಚನೆಗಳು ಓಡುತ್ತಿವೆ, ಮಾತು, ಖರ್ಚು ಎರಡೂ ಹೆಚ್ಚಿದೆ, ಇದು ನಾಲ್ಕು ದಿನ ಹಾಗೇ ಮುಂದುವರಿದಿದೆ ಅಂದರೆ ಡಾಕ್ಟರಿಗೆ ಹೇಳಲೇಬೇಕು. ಖಿನ್ನತೆಯ ಮಾತ್ರೆ ತಗೊಳ್ಳುವ ಕೆಲವರಲ್ಲಿ ಮನಸ್ಸು ಹೀಗೆ ಇನ್ನೊಂದು ತುದಿಗೆ ಹೋಗುವುದುಂಟು.

ಗಮನ, ನೆನಪು ಎರಡನ್ನೂ ನಂಬಬೇಡಿ, ಪುಸ್ತಕವನ್ನು ನಂಬಿ. ಹೊಸಬರು ಬರೆದುಕೊಂಡರೆ ಯಾರಿಗೂ ವಿಚಿತ್ರ ಅನಿಸುವುದಿಲ್ಲ, ಶ್ರದ್ಧೆ ಅಂದುಕೊಳ್ಳುತ್ತಾರೆ. ಯಾರಾದರೂ ಕೆಲಸ ಹೇಳಿದ ಕೊನೆಗೆ "ನಾನು ಅರ್ಥ ಮಾಡಿಕೊಂಡದ್ದು ಇದು, ಸರೀನಾ?" ಅಂತ ಒಮ್ಮೆ ಒಪ್ಪಿಸಿಬಿಡಿ. ಬಾಯಿಮಾತಲ್ಲಿ ಬಂದ ಕೆಲಸವನ್ನು ಒಂದು ಸಾಲಿನ ಮೆಸೇಜ್ ಮಾಡಿ ಖಚಿತ ಮಾಡಿಕೊಳ್ಳಿ. ಹೆಸರು, ಪಾಸ್‌ವರ್ಡ್ ಮರೆತಾಗ ಮತ್ತೆ ಕೇಳಿ. ಹೊಸಬರಿಗೆ ಈ ರಿಯಾಯಿತಿ ಸಿಗುವುದು ಕೆಲವೇ ವಾರ, ಅದನ್ನು ಪೂರ್ತಿ ಬಳಸಿಕೊಳ್ಳಿ.

ಏನೂ ಮಾಡಲು ಮನಸ್ಸು ಬಾರದೆ ಕೂತಾಗ ಮನಸ್ಸು ಬರಲಿ ಅಂತ ಕಾಯಬೇಡಿ. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ಲೂವಿನ್‌ಸನ್ ಮೊದಲಾದವರ ಕೆಲಸದಿಂದ ಬೆಳೆದ ಚಿಕಿತ್ಸೆಯೊಂದು ಇದನ್ನೇ ಹೇಳುತ್ತದೆ. ಕ್ರಿಯೆ ಮೊದಲು, ಉತ್ಸಾಹ ಆಮೇಲೆ. ಆದರೆ ಆ ಕ್ರಿಯೆ ತೀರಾ ಸಣ್ಣದಿರಬೇಕು. ವರದಿ ಮುಗಿಸುವುದು ದೊಡ್ಡ ಮಾತು. ಫೈಲ್ ತೆರೆದು ಶೀರ್ಷಿಕೆ ಬರೆಯುವುದು ಆಗುವಂಥದ್ದು. ಕಷ್ಟದ ಕೆಲಸಗಳನ್ನು ನಿಮ್ಮ ತಲೆ ಹಗುರ ಇರುವ ಹೊತ್ತಿಗೆ ಇಟ್ಟುಕೊಳ್ಳಿ. ಭಾರದ ಹೊತ್ತಿನಲ್ಲಿ ಇಮೇಲ್ ವಿಂಗಡಣೆ, ಫಾರ್ಮ್ ತುಂಬುವುದು ಇಂಥದ್ದು ಮಾಡಿ.

ಕೆಟ್ಟ ದಿನಕ್ಕೆ ಚೀಟಿ ಬರೆದಿಡಿ

ಈ ಬರಹದಿಂದ ಒಂದೇ ಒಂದನ್ನು ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಕೆಟ್ಟ ದಿನ ಬರುತ್ತದೆ. ಆ ದಿನ ತಲೆ ಓಡುವುದಿಲ್ಲ, ಹಾಗಾಗಿ ಒಳ್ಳೆಯ ದಿನವೇ ಯೋಚಿಸಿ ಬರೆದಿಡಬೇಕು. ಚೀಟಿಯಲ್ಲಿ ಮೂರು ಸ್ಥಿತಿ ಇರಲಿ.

ಹೋಗಬಹುದು, ಆದರೆ ನಿಧಾನ: ಇಂಥ ದಿನಕ್ಕೆ ಅವತ್ತು ತಪ್ಪಿಸಲೇಬಾರದ ಒಂದು ಕೆಲಸ ಯಾವುದು ಅಂತ ಆರಿಸಿ. ಅದಾದರೆ ದಿನ ಗೆದ್ದಂತೆ. ಸ್ನಾನ ಆಗಲಿಲ್ಲವಾದರೆ ಮುಖ ತೊಳೆದು ಬಟ್ಟೆ ಬದಲಿಸಿ ಹೊರಡಿ. ಯಾರೂ ಅಷ್ಟು ಹತ್ತಿರದಿಂದ ನೋಡುವುದಿಲ್ಲ.

ಹೋಗಲು ಆಗುತ್ತದೋ ಇಲ್ಲವೋ ಗೊತ್ತಾಗುತ್ತಿಲ್ಲ: ಬಾಗಿಲ ತನಕ ಹೋಗುವುದಷ್ಟೇ ಗುರಿ. ತಯಾರಾಗಿ, ಹೊರಗೆ ಹತ್ತು ನಿಮಿಷ ನಡೆಯಿರಿ. ಆಮೇಲೆ ತೀರ್ಮಾನ ಮಾಡಿ. ಹಾಸಿಗೆಯಲ್ಲಿ ಮಲಗಿಕೊಂಡು ತೀರ್ಮಾನ ಮಾಡಿದರೆ ಉತ್ತರ ಯಾವಾಗಲೂ "ಬೇಡ" ಅಂತಲೇ ಬರುತ್ತದೆ. ಅರ್ಧ ದಿನದ ರಜೆ ಅಥವಾ ಮನೆಯಿಂದ ಕೆಲಸದ ದಾರಿ ಇದ್ದರೆ ಅದನ್ನೂ ಇಲ್ಲೇ ಬರೆದಿಡಿ.

ಆಗುವುದೇ ಇಲ್ಲ: ಹೀಗಾದರೆ ಮಾಡಬೇಕಾದ್ದು ಒಂದೇ, ತಿಳಿಸುವುದು. ಮೆಸೇಜನ್ನು ಈಗಲೇ ಬರೆದು ಫೋನಿನಲ್ಲಿ ಇಟ್ಟುಕೊಳ್ಳಿ. "ಸರ್, ಇವತ್ತು ಹುಷಾರಿಲ್ಲ, ಒಂದು ದಿನ ರಜೆ ಬೇಕು. ನಾಳೆ ಬರ್ತೀನಾ ಅನ್ನೋದನ್ನ ಸಂಜೆಯೊಳಗೆ ತಿಳಿಸ್ತೀನಿ." ಅವತ್ತು ಬೆಳಗ್ಗೆ ಪದ ಹುಡುಕುವ ಕೆಲಸ ಬೇಡ, ಕಳಿಸುವುದಷ್ಟೇ ಉಳಿಯಲಿ. ಕಳಿಸಲೂ ಆಗದಿದ್ದರೆ ನಿಮ್ಮ ಪರವಾಗಿ ಕಳಿಸುವ ಒಬ್ಬರನ್ನು ಮನೆಯವರಲ್ಲೋ ಗೆಳೆಯರಲ್ಲೋ ಮೊದಲೇ ಗೊತ್ತುಮಾಡಿಕೊಳ್ಳಿ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಕೆಲಸಕ್ಕೆ ಕುತ್ತು ತರುವುದು ರಜೆಗಿಂತ ಹೆಚ್ಚಾಗಿ ಮೌನ. ಒಂದು ದಿನ ಹೇಳದೆ ಉಳಿಯುತ್ತೇವೆ. ನಾಚಿಕೆಗೆ ಫೋನ್ ಎತ್ತುವುದಿಲ್ಲ. ಎರಡನೇ ದಿನ ನಾಚಿಕೆ ದುಪ್ಪಟ್ಟು. ಮೂರನೇ ದಿನ ಮುಖ ತೋರಿಸುವುದೇ ಅಸಾಧ್ಯ ಅನಿಸಿ ಕೆಲಸವೇ ಬಿಟ್ಟುಹೋಗುತ್ತದೆ. ಈಗಾಗಲೇ ಎರಡು ದಿನ ಮೌನವಾಗಿ ಕಳೆದಿದ್ದರೂ ಪರವಾಗಿಲ್ಲ. ಉದ್ದದ ಕ್ಷಮಾಪಣೆ ಬೇಡ. "ಹುಷಾರಿರಲಿಲ್ಲ, ತಿಳಿಸಲು ಆಗಲಿಲ್ಲ, ನಾಳೆ ಬಂದು ಮಾತಾಡ್ತೀನಿ" ಅಂತ ಕಳಿಸಿ.

ಯಾರಾದರೂ ಏನಾದರೂ ಅಂದಾಗ

ಮ್ಯಾನೇಜರ್ "ಇದನ್ನು ಇನ್ನೊಮ್ಮೆ ನೋಡಿ" ಅಂದರೆ ಖಿನ್ನತೆ ಇರುವವರ ಕಿವಿಗೆ "ನೀವು ಲಾಯಕ್ಕಿಲ್ಲ" ಅಂತ ಕೇಳಬಹುದು. ಕಾರಿಡಾರಿನಲ್ಲಿ ಅವರು ನಗದೆ ಹೋದರೂ ಕೆಲಸ ಹೋಯಿತು ಅನಿಸಬಹುದು. ಅವರಿಗೆ ಹಲ್ಲುನೋವಿತ್ತೇನೋ, ಯಾರಿಗೆ ಗೊತ್ತು! ಇದಕ್ಕೊಂದು ಸರಳ ದಾರಿ. ಪುಸ್ತಕದ ಒಂದು ಪುಟಕ್ಕೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಅವರು ಆಡಿದ ಮಾತು, ಇದ್ದದ್ದು ಇದ್ದ ಹಾಗೆ. ಬಲಕ್ಕೆ ನಿಮಗೆ ಅನಿಸಿದ್ದು. ಎರಡರ ನಡುವಿನ ದೂರ ಕಣ್ಣಿಗೇ ಕಾಣುತ್ತದೆ.

ಊಹೆಗೆ ಜಾಗ ಕಡಿಮೆ ಮಾಡಲು ಇನ್ನೊಂದು ದಾರಿ, ನೀವಾಗೇ ಕೇಳುವುದು. ಎರಡು ವಾರಕ್ಕೊಮ್ಮೆ ಹತ್ತು ನಿಮಿಷ ಕೊಡಿ ಅಂತ ಮ್ಯಾನೇಜರ್‌ಗೆ ಹೇಳಿ. "ಯಾವುದು ಸರಿ ಹೋಗ್ತಿದೆ, ಯಾವುದನ್ನು ಬೇರೆ ತರ ಮಾಡಲಿ?" ಇಷ್ಟೇ ಪ್ರಶ್ನೆ. ಟೀಕೆ ಬಂದರೂ ಅದು ನಿರ್ದಿಷ್ಟವಾಗಿರುತ್ತದೆ. ನಿರ್ದಿಷ್ಟ ಟೀಕೆಗೆ ಏನಾದರೂ ಮಾಡಬಹುದು.

ಜನ ಮತ್ತು ಮನೆ

ಎಲ್ಲರ ಜೊತೆ ಬೆರೆಯಬೇಕಿಲ್ಲ. ದಿನವೂ ನಮಸ್ಕಾರ ಹೇಳುವಷ್ಟು ಪರಿಚಯದ ಒಬ್ಬರು ಸಿಕ್ಕರೆ ಮೊದಲ ತಿಂಗಳಿಗೆ ಸಾಕು. ವಾರದಲ್ಲಿ ಎರಡು ದಿನ ಎಲ್ಲರೊಟ್ಟಿಗೆ ಊಟ, ಉಳಿದ ದಿನ ಒಬ್ಬರೇ ಕೂತರೂ ನಡೆಯುತ್ತದೆ. ಆಫೀಸಿನ ಪಾರ್ಟಿಗೆ ಹೋದರೂ ಮದ್ಯ ಬೇಡ. ಅದು ಖಿನ್ನತೆಯನ್ನೂ ನಿದ್ದೆಯನ್ನೂ ಕೆಡಿಸುತ್ತದೆ, ಎಷ್ಟೋ ಮಾತ್ರೆಗಳ ಮಂಪರನ್ನು ಹೆಚ್ಚಿಸುತ್ತದೆ.

ಮನೆಗೆ ಬಂದ ಮೇಲೆ ಮಾತಾಡಲೂ ಶಕ್ತಿ ಇರದಿರಬಹುದು. ಮನೆಯವರಿಗೆ ಮೊದಲೇ ಹೇಳಿಡಿ: "ಮೊದಲ ಎರಡು ತಿಂಗಳು ಬಂದ ಕೂಡಲೇ ಅರ್ಧ ಗಂಟೆ ನನ್ನನ್ನು ಬಿಟ್ಟುಬಿಡಿ, ಕೋಪ ಅಂತ ಅಂದುಕೋಬೇಡಿ." ರಜೆಯ ದಿನ ಮಧ್ಯಾಹ್ನದವರೆಗೆ ಮಲಗಿದರೆ ಸೋಮವಾರ ಕಷ್ಟ. ಮಾಮೂಲಿಗಿಂತ ಒಂದು ಗಂಟೆ ತಡವಾದರೆ ಸರಿ, ಅದಕ್ಕಿಂತ ಹೆಚ್ಚು ಬೇಡ.

ಜಾಸ್ತಿಯಾಗುತ್ತಿದೆಯಾ ಅಂತ ತಿಳಿಯುವುದು ಹೇಗೆ

ಹೊಸ ಕೆಲಸದ ಸುಸ್ತು ಎಲ್ಲರಿಗೂ ಇರುತ್ತದೆ. ಅದನ್ನು ಕಾಯಿಲೆಯಿಂದ ಬೇರ್ಪಡಿಸಿ ನೋಡಲು ಒಂದು ಅಳತೆ ಬೇಕು. ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿ ಅದಕ್ಕೆ ಒದಗುತ್ತದೆ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆ ಕನಿಷ್ಠ ಮಧ್ಯಮ ಮಟ್ಟದಲ್ಲಿರಬಹುದು ಅಂತ ಅರ್ಥ. ಎರಡು ವಾರಕ್ಕೊಮ್ಮೆ ತುಂಬಿ ಅಂಕ ಬರೆದಿಡಿ. ಒಂದು ಅಂಕಿಗಿಂತ ಅದು ಏರುತ್ತಿದೆಯಾ ಇಳಿಯುತ್ತಿದೆಯಾ ಅನ್ನುವುದು ಮುಖ್ಯ. ಎರಡು ಸಲ ಸತತವಾಗಿ ಏರಿದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಡಾಕ್ಟರನ್ನು ನೋಡಿ.

ಒಂಬತ್ತನೇ ಪ್ರಶ್ನೆ ಬೇರೆ. ಸತ್ತರೆ ಮೇಲು, ತನಗೆ ತಾನೇ ಏನಾದರೂ ಮಾಡಿಕೊಳ್ಳಬೇಕು ಅನ್ನುವ ಯೋಚನೆಗಳ ಬಗ್ಗೆ ಅದು ಕೇಳುತ್ತದೆ. ಅದಕ್ಕೆ ಸೊನ್ನೆಯಲ್ಲದೆ ಬೇರೆ ಯಾವ ಉತ್ತರ ಬಂದರೂ ಒಟ್ಟು ಅಂಕ ನೋಡುವ ಅಗತ್ಯವಿಲ್ಲ. ಅವತ್ತೇ ಯಾರಿಗಾದರೂ ಹೇಳಿ. ಭಾರತದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅಮೆರಿಕದಲ್ಲಿ 988, ಬ್ರಿಟನ್ನಿನಲ್ಲಿ 116 123. ಪ್ರಾಣಕ್ಕೇ ಅಪಾಯ ಅನಿಸಿದರೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಒಬ್ಬರೇ ಇರಬೇಡಿ. ಅವತ್ತಿನ ಕೆಲಸ, ಪ್ರೊಬೇಷನ್, ಯಾವುದೂ ಇದಕ್ಕಿಂತ ದೊಡ್ಡದಲ್ಲ.

ಬಿಟ್ಟುಬಿಡೋಣ ಅನಿಸಿದರೆ

ಅನಿಸುತ್ತದೆ. ಹೊಸತನ ಇಳಿದ ಮೇಲೆ ಒಂದು ಭಾನುವಾರ ರಾತ್ರಿ ರಾಜೀನಾಮೆ ಪತ್ರ ಮನಸ್ಸಲ್ಲೇ ತಯಾರಾಗಿರುತ್ತದೆ. ಬೇಕಿದ್ದರೆ ಬರೆಯಿರಿ, ಆದರೆ ಎರಡು ವಾರ ಕಳಿಸಬೇಡಿ. ಅಷ್ಟರಲ್ಲಿ ಒಮ್ಮೆ ಡಾಕ್ಟರ್ ಅಥವಾ ಕೌನ್ಸೆಲರ್ ಜೊತೆ ಮಾತಾಡಿ. ಹಿಂದಿನ ಕೆಲಸದಲ್ಲೂ ಇದೇ ಹೊತ್ತಿಗೆ ಹೀಗೇ ಅನಿಸಿತ್ತಾ ಅಂತ ನೆನಪು ಮಾಡಿಕೊಳ್ಳಿ. ಅನಿಸಿತ್ತು ಅಂದರೆ ಇದು ಕಾಯಿಲೆಯ ಮಾತಿರಬಹುದು. ಇಲ್ಲಿ ದಿನವೂ ಅವಮಾನ, ಬೆದರಿಕೆ, ನಿದ್ದೆಗೆ ಜಾಗವೇ ಇಲ್ಲದ ಪಾಳಿ ಇದ್ದರೆ ಕೆಲಸವೇ ಕೆಟ್ಟದ್ದು. ಅಂಥದ್ದನ್ನು ಬಿಡುವುದು ಸೋಲಲ್ಲ, ಆದರೆ ಮುಂದಿನ ಏರ್ಪಾಡು ಮಾಡಿಕೊಂಡು ಬಿಡಿ.

ಪ್ರೊಬೇಷನ್ ಮುಗಿದು ಕೆಲಸ ಖಾಯಂ ಆದಾಗ ಮತ್ತೊಂದು ಎಚ್ಚರ ಬೇಕು. ಎಲ್ಲ ಸರಿಯಾಯಿತು ಅಂತ ಮಾತ್ರೆ, ಕೌನ್ಸೆಲಿಂಗ್ ಕೈಬಿಡುವುದು ಆಗಲೇ. ಪೂರ್ತಿ ಹುಷಾರಾದ ಮೇಲೂ ಕನಿಷ್ಠ 6 ತಿಂಗಳು ಮಾತ್ರೆ ಮುಂದುವರಿಸಲು ಡಾಕ್ಟರುಗಳು ಸಾಮಾನ್ಯವಾಗಿ ಹೇಳುತ್ತಾರೆ. ಹಿಂದೆ ಎರಡು-ಮೂರು ಸಲ ಖಿನ್ನತೆ ಬಂದುಹೋಗಿದ್ದರೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು. ಖಾಯಂ ಆದ ಪತ್ರ ಬಂದ ವಾರವೇ ಒಂದು ಅಪಾಯಿಂಟ್‌ಮೆಂಟ್ ಇಟ್ಟುಕೊಂಡು ಮುಂದಿನ ಆರು ತಿಂಗಳ ಮಾತ್ರೆಯ ಬಗ್ಗೆ ಕೇಳಿ ಬನ್ನಿ. ಕೆಟ್ಟ ದಿನದ ಚೀಟಿಯಲ್ಲಿ ಹಳೆಯ ಮ್ಯಾನೇಜರ್ ನಂಬರ್ ಇದ್ದರೆ ಅದನ್ನೂ ಬದಲಿಸಿಕೊಳ್ಳಿ.